ಕಲಬುರಗಿ ಭಾಗದ ಧೂಳು, ಹೊಗೆ ಮತ್ತು ನಮ್ಮ ಶ್ವಾಸಕೋಶ: ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿಯಲ್ಲಿ ಪ್ರತಿ ನವೆಂಬರ್‌ನಲ್ಲೂ ದೆಹಲಿಯ ಹೊಗೆ ನೋಡಿ ನೋಡಿ, ಗಾಳಿ ಕೆಡುವುದು ಅಂದ್ರೆ ಅಲ್ಲಿನವರ ಗೋಳು ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೇವೆ. ಆದರೆ ಸೇಡಂ ರೋಡಿನಲ್ಲಿ ದಿನಾ ಬೈಕ್ ಓಡಿಸುವವರು, ವಾಡಿ, ಶಹಾಬಾದ್ ಕಡೆ ಮನೆ ಇರುವವರು, ಸುಗ್ಗಿಯಲ್ಲಿ ರಾಶಿ ಮಷಿನ್ ಮುಂದೆ ನಿಲ್ಲುವವರು ಕೇಳುವ ಪ್ರಶ್ನೆಗಳೇ ಬೇರೆ. ಅಂಥವಕ್ಕೆ ಇಲ್ಲಿ ಉತ್ತರ ಇದೆ. ಔಷಧದ ವಿಷಯ ಬಂದಾಗ ಮಾತ್ರ ನಿಮ್ಮನ್ನು ನೋಡುವ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಕಲಬುರಗಿಯಲ್ಲಿ ನಿಜವಾಗ್ಲೂ ವಾಯುಮಾಲಿನ್ಯ ಇದೆಯಾ? ಆಕಾಶ ನೀಲಿಯಾಗೇ ಕಾಣುತ್ತದಲ್ಲ?

ಇದೆ. ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ವರ್ಷಗಟ್ಟಲೆ ಗಾಳಿಯ ಮಿತಿ ದಾಟುತ್ತಲೇ ಬಂದ ಊರುಗಳ ಪಟ್ಟಿ ಅದರಲ್ಲಿದೆ. ಕರ್ನಾಟಕದಿಂದ ನಾಲ್ಕು ಹೆಸರು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ನಮ್ಮ ಕಲಬುರಗಿ. ಮೈಸೂರಿಲ್ಲ, ಮಂಗಳೂರಿಲ್ಲ, ನಾವಿದ್ದೇವೆ. ನಮ್ಮಲ್ಲಿ ದೊಡ್ಡ ತೊಂದರೆ ಧೂಳಿನದು. ದೆಹಲಿಯ ಹಾಗೆ ಊರೆಲ್ಲ ಬೂದು ಬಣ್ಣಕ್ಕೆ ತಿರುಗುವುದು ಇಲ್ಲಿ ಕಡಿಮೆ, ಹಾಗಾಗಿ ಯಾರಿಗೂ ಗಾಬರಿ ಆಗುವುದಿಲ್ಲ. ಆಕಾಶ ನೀಲಿ ಇದ್ದ ಮಾತ್ರಕ್ಕೆ ಗಾಳಿ ಚೆನ್ನಾಗಿದೆ ಅಂತ ಅರ್ಥವಲ್ಲ. ಬೇಸಿಗೆಯ ರಣ ಬಿಸಿಲಲ್ಲಿ ವಾಹನಗಳ ಹೊಗೆಯಿಂದ ಹುಟ್ಟುವ ಓಝೋನ್ ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಎದೆ ಬಿಗಿ ಹಿಡಿಸುತ್ತದೆ.

ಪಿಎಂ 10, ಪಿಎಂ 2.5 ಅಂದ್ರೆ ಏನು? ಯಾವುದಕ್ಕೆ ಹೆದರಬೇಕು?

ಎರಡೂ ಕಣದ ಅಳತೆ. 10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದು ಪಿಎಂ 10, 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದು ಪಿಎಂ 2.5. ತಲೆಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್, ಅಲ್ಲಿಂದ ಲೆಕ್ಕ ಹಾಕಿಕೊಳ್ಳಿ. ರೋಡಿನ ಧೂಳು, ಎರೆ ಮಣ್ಣು, ಕಲ್ಲಿನ ಪುಡಿಯಲ್ಲಿ ದೊಡ್ಡ ಕಣಗಳು ಜಾಸ್ತಿ. ಬಹಳಷ್ಟು ಮೂಗು, ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ, ಸಂಜೆ ಮೂಗು ಸೀಟಿದರೆ ಕರವಸ್ತ್ರದ ಮೇಲೆ ಕಾಣುವುದು ಅವೇ. ಸುಟ್ಟಿದ್ದರಿಂದ ಬರುವ ಕಣ ಹಾಗಲ್ಲ. ಡೀಸೆಲ್, ಕಟ್ಟಿಗೆ, ಕಲ್ಲಿದ್ದಲು, ಕಸ, ಯಾವುದನ್ನೇ ಸುಡಿ, ಹೊಗೆಯ ಕಣಗಳು ಹೆಚ್ಚಾಗಿ 2.5ಕ್ಕಿಂತ ಸಣ್ಣವೇ. ಅವು ಶ್ವಾಸಕೋಶದ ತುದಿಯ ಗಾಳಿಗೂಡಿನ ತನಕ ಹೋಗಿ ಕೂರುತ್ತವೆ, ಅತಿ ಸಣ್ಣವು ರಕ್ತಕ್ಕೂ ಇಳಿಯುತ್ತವೆ.

ಹೆದರುವುದಾದರೆ ಹೊಗೆಗೇ ಮೊದಲು ಹೆದರಿ. ಹಾಗಂತ ಧೂಳು ಸುಮ್ನೆ ಬಿಡುವ ವಸ್ತುವಲ್ಲ.

ಮಿತಿಯ ವಿಷಯ ಹೇಳಿಬಿಡುತ್ತೇನೆ. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ವರ್ಷದ ಸರಾಸರಿ 40 ಮೈಕ್ರೋಗ್ರಾಂ ದಾಟಬಾರದು, ಪಿಎಂ 10 ಆದರೆ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಗುರಿ 5 ಮತ್ತು 15. ಅಂದರೆ ನಮ್ಮ ಸರ್ಕಾರಿ ಲೆಕ್ಕದಲ್ಲಿ ಪಾಸಾದ ಗಾಳಿಯೂ ಅಲ್ಲಿ ಫೇಲ್ ಆಗಬಹುದು.

ಮೊಬೈಲ್ ಆ್ಯಪ್‌ನಲ್ಲಿ 80 ಅಂತ ಹಸಿರು ತೋರಿಸುತ್ತದೆ, ನನಗೆ ಗಂಟಲು ಉರಿಯುತ್ತದೆ. ಯಾರು ಸುಳ್ಳು?

ಇಬ್ಬರೂ ನಿಜ ಹೇಳುತ್ತಿದ್ದೀರಿ. ಆ ಸಂಖ್ಯೆ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ಮಾಪನ ಕೇಂದ್ರ ಇರುವ ಜಾಗದ್ದು, ಅದೂ ಹೆಚ್ಚಾಗಿ 24 ಗಂಟೆಯ ಸರಾಸರಿ. ನೀವು ಹುಮನಾಬಾದ್ ಬೇಸ್ ಹತ್ತಿರ ಲಾರಿಯ ಹಿಂದೆ ಸಿಕ್ಕಿಬಿದ್ದ ಹತ್ತು ನಿಮಿಷ ಅದರಲ್ಲಿ ಇಲ್ಲ. ಅಡುಗೆಮನೆ ಇಲ್ಲ. ರಾಶಿ ಮಾಡುವ ಹೊಲವಂತೂ ಇಲ್ಲವೇ ಇಲ್ಲ. ನಮ್ಮ ಭಾಗದಲ್ಲಿ ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಕೆಟ್ಟ ಗಾಳಿ ಕುಡಿಯುತ್ತಾನೆ ಅನ್ನುವುದು ಊರಿನ ಅಂಕಿಗಿಂತ ಅವನು ಎಲ್ಲಿ ನಿಂತು ಏನು ಕೆಲಸ ಮಾಡುತ್ತಾನೆ ಅನ್ನುವುದರ ಮೇಲೇ ಜಾಸ್ತಿ ನಿಂತಿದೆ. ಈ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಡಿ.

ಆ್ಯಪ್ ಬೇಡ ಅಂತಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಉಚಿತ. 50ರ ತನಕ ಉತ್ತಮ, 100ರ ತನಕ ಪರವಾಗಿಲ್ಲ, 200ರ ತನಕ ಮಧ್ಯಮ, 300ರ ತನಕ ಕಳಪೆ, 400ರ ತನಕ ತುಂಬಾ ಕಳಪೆ, ಅದರ ಮೇಲೆ 500ರ ತನಕ ಗಂಭೀರ. ಲೆಕ್ಕಕ್ಕೆ ಗಾಳಿ ಕೆಡಿಸುವ ಎಂಟು ವಸ್ತುಗಳಿವೆ, ಅವುಗಳಲ್ಲಿ ಯಾವುದು ಅತಿ ಕೆಟ್ಟದ್ದೋ ಅದರ ಅಂಕಿಯೇ ಇಡೀ ಸೂಚ್ಯಂಕ ಆಗುತ್ತದೆ.

ಸಿಮೆಂಟ್ ಕಾರ್ಖಾನೆ ಹತ್ತಿರ ಮನೆ ಇದೆ. ಎಷ್ಟು ತೊಂದರೆ?

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಮಳಖೇಡ, ಈ ಇಡೀ ಪಟ್ಟಿಯ ಕೆಳಗೆ ಸುಣ್ಣದ ಕಲ್ಲಿದೆ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಹೆಸರು ಈಗ ಜನರಿಗೆ ಸಿಮೆಂಟ್‌ನಿಂದ ಗೊತ್ತು, ಏನು ಮಾಡುವುದು. ಗಣಿಯಲ್ಲಿ ಬ್ಲಾಸ್ಟಿಂಗ್ ಮಾಡಿ ಕಲ್ಲು ತೆಗೆಯುತ್ತಾರೆ, ಕ್ರಷರ್‌ನಲ್ಲಿ ಒಡೆಯುತ್ತಾರೆ, ಪುಡಿ ಮಾಡಿ ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ, ಆಮೇಲೆ ಮತ್ತೆ ಅರೆಯುತ್ತಾರೆ. ಪ್ರತಿ ಹಂತದಲ್ಲೂ ಧೂಳು ಏಳುತ್ತದೆ. ಗೂಡಿನ ಹೊಗೆಯಲ್ಲಿ ಸಾರಜನಕದ ಆಕ್ಸೈಡುಗಳೂ ಇರುತ್ತವೆ.

ಜನ ಚಿಮಣಿ ಒಂದನ್ನೇ ನೋಡುತ್ತಾರೆ. ಚಿಮಣಿಗೆ ಬ್ಯಾಗ್ ಫಿಲ್ಟರ್ ಇರುತ್ತದೆ, ಇಲ್ಲವೇ ವಿದ್ಯುತ್ತಿನಿಂದ ಧೂಳು ಹಿಡಿಯುವ ಇಎಸ್‌ಪಿ ಇರುತ್ತದೆ. ಅವು ಸರಿಯಾಗಿ ಓಡಿದರೆ ಬಹಳಷ್ಟು ಧೂಳು ಒಳಗೇ ನಿಲ್ಲುತ್ತದೆ. ತಪ್ಪಿಸಿಕೊಳ್ಳುವುದು ನೆಲದ ಮಟ್ಟದ್ದು. ತಾಡಪತ್ರಿ ಹಾಕದ ಟಿಪ್ಪರ್, ಲೋಡಿಂಗ್ ಮಾಡುವ ಜಾಗ, ಬಯಲಲ್ಲಿ ಗುಡ್ಡೆ ಹಾಕಿದ ಕಲ್ಲಿದ್ದಲು, ಹಾರುಬೂದಿ, ಲಾರಿ ಓಡಾಡಿ ಹಿಟ್ಟಾದ ರೋಡು. ಅದು ನೇರ ನಿಮ್ಮ ಕಿಟಕಿಯ ಎತ್ತರದಲ್ಲೇ ಬರುತ್ತದೆ. ಮಾಳಿಗೆ ಮೇಲೆ, ಗಿಡದ ಎಲೆ ಮೇಲೆ ಬಿದ್ದು ಇಬ್ಬನಿಗೆ ಹೆಪ್ಪುಗಟ್ಟುವುದೂ ಅದೇ.

ಸಿಮೆಂಟ್ ಪುಡಿ ಕ್ಷಾರದ ಗುಣದ್ದು. ಕಣ್ಣು ಉರಿ, ಮೂಗಿನ ಒಳಗೆ ಕೆರೆತ, ಒದ್ದೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗಾಯ. ಒಳಗೆ ಕೆಲಸ ಮಾಡುವವರಿಗೆ ವರ್ಷಗಳು ಕಳೆದಂತೆ ಹಳೆ ಕೆಮ್ಮು, ಉಸಿರು ಸಾಲದಾಗುವುದು ಬರಬಹುದು. ಹೊರಗೆ ಊರಲ್ಲಿರುವವರಿಗೆ ಇಷ್ಟು ತೀವ್ರ ಇರುವುದಿಲ್ಲ. ಆದರೆ ಮೊದಲೇ ದಮ್ಮು ಇದ್ದವರು, ಮುದುಕರು, ಸಣ್ಣ ಮಕ್ಕಳು ಗಾಳಿ ಆ ಕಡೆಯಿಂದ ಬೀಸಿದ ದಿನ ಗೊತ್ತು ಮಾಡಿಕೊಳ್ಳುತ್ತಾರೆ. ಅಂಥ ದಿನ ಕಿಟಕಿ ಮುಚ್ಚಿ, ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದಿಂದ ಬಂದವರು ಬಟ್ಟೆ ಹೊರಗೇ ಬಿಚ್ಚಲಿ, ಮಗುವನ್ನು ಎತ್ತಿಕೊಳ್ಳುವುದು ಕೈಕಾಲು ತೊಳೆದ ಮೇಲೆ.

ಶಹಾಬಾದ್ ಫರ್ಸಿ ಕೆಲಸ ಮಾಡುವವರಿಗೆ?

ಶಹಾಬಾದ್ ಫರ್ಸಿ ಅಂದರೆ ನೆಲಕ್ಕೆ ಹಾಸುವ ಸುಣ್ಣದ ಕಲ್ಲು. ಅದರಲ್ಲಿ ಸಿಲಿಕಾ ಅನ್ನುವ ಖನಿಜ ಗ್ರಾನೈಟ್‌ಗಿಂತ, ಮರಳುಗಲ್ಲಿಗಿಂತ ಕಡಿಮೆ. ಇದು ಒಳ್ಳೆಯ ಸುದ್ದಿ, ಆದರೆ ಕಡಿಮೆ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ. ಸಣ್ಣ ಸಿಲಿಕಾ ಕಣ ಶ್ವಾಸಕೋಶದಲ್ಲಿ ಗಾಯದ ಕಲೆ ಮಾಡುತ್ತದೆ, ಅದಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ. ಅದು ವಾಸಿ ಆಗುವ ಕಾಯಿಲೆ ಅಲ್ಲ. ಜೊತೆಗೆ ಟಿಬಿ ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ, ಎಷ್ಟೋ ಸಲ ಟಿಬಿ ಅಂತಲೇ ಔಷಧ ನಡೆಯುತ್ತಿರುತ್ತದೆ, ಅದರ ಕೆಳಗಿರುವ ಸಿಲಿಕೋಸಿಸ್ ಯಾರ ಕಣ್ಣಿಗೂ ಬೀಳುವುದಿಲ್ಲ. ಡಾಕ್ಟರ್ ಹತ್ತಿರ ಹೋದಾಗ "ಕಲ್ಲಿನ ಕೆಲಸ, ಇಷ್ಟು ವರ್ಷ" ಅಂತ ನೀವೇ ಬಾಯಿಬಿಟ್ಟು ಹೇಳಿ. ಅವರು ಕೇಳುವ ತನಕ ಕಾಯಬೇಡಿ.

ಕಲ್ಲು ಕೊಯ್ಯುವಾಗ ನೀರು ಬಿಟ್ಟುಕೊಂಡರೆ ಅರ್ಧ ಯುದ್ಧ ಗೆದ್ದ ಹಾಗೆ. ಒಣ ಕಟಿಂಗ್, ಒಣ ಪಾಲಿಶ್ ಮಾಡಿಸುವ ಮಾಲೀಕರಿಗೆ ಉಳಿಯುವುದು ಒಂದಿಷ್ಟು ನೀರು, ಕಳೆಯುವುದು ಕೂಲಿಯವನ ಶ್ವಾಸಕೋಶ. ಕಾನೂನಿನ ಅಧಿಸೂಚಿತ ಕಾಯಿಲೆಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಹೆಸರಿದೆ. ಅಂದರೆ ಕಾರ್ಖಾನೆಯ ಕೆಲಸಗಾರನಲ್ಲಿ ಇದು ಕಂಡುಬಂದರೆ ಸರ್ಕಾರಕ್ಕೆ ವರದಿ ಮಾಡಲೇಬೇಕು.

ಬೆಲ್ಲ ತಿಂದರೆ ಧೂಳು ಹೋಗುತ್ತದಂತೆ, ಹೌದಾ?

ಕಾರ್ಖಾನೆ, ಗಣಿ, ಹತ್ತಿ ಜಿನ್ನಿಂಗ್ ಕಡೆ ಬೆಲ್ಲ ಕೊಡುವ ರೂಢಿ ಹಳೆಯದು. ಬೆಲ್ಲ ಗಂಟಲಿಗೆ ಹಿತ, ಜೊಲ್ಲು ಬರಿಸುತ್ತದೆ, ಗಂಟಲಲ್ಲಿ ನಿಂತ ಧೂಳು ಹೊಟ್ಟೆಗೆ ಇಳಿಯುತ್ತದೆ. ಅಷ್ಟೇ. ಬೆಲ್ಲ ಹೋಗುವ ದಾರಿಯೇ ಬೇರೆ, ಗಾಳಿಗೂಡಿನಲ್ಲಿ ಕೂತ ಕಣ ಅದಕ್ಕೆ ಸಿಗುವುದಿಲ್ಲ. ತಿನ್ನಿ, ಸಕ್ಕರೆ ಕಾಯಿಲೆ ಇಲ್ಲದಿದ್ದರೆ. ಮಾಸ್ಕ್ ಬದಲು ಬೆಲ್ಲ ಕೊಡುತ್ತಾರೆ ಅಂದರೆ ಮಾತ್ರ ಜಗಳ ಮಾಡಿ.

ರಾಶಿ ಮಾಡುವಾಗ ಏಳುವ ಹೊಟ್ಟು, ಧೂಳಿನಿಂದ ಏನಾಗುತ್ತದೆ?

ಡಿಸೆಂಬರ್, ಜನವರಿ ಬಂತೆಂದರೆ ತೊಗರಿ ರಾಶಿ. ಮಷಿನ್ ಬಾಯಿಗೆ ಗಿಡ ಕೊಡುವವರು, ಹೊಟ್ಟು ಎಳೆಯುವವರು ದಿನವಿಡೀ ಅದೇ ಮೋಡದೊಳಗೆ ಇರುತ್ತಾರೆ. ಇದು ಬರೀ ಮಣ್ಣಲ್ಲ. ಎಲೆಯ ಪುಡಿ, ಸಣ್ಣ ಕೂದಲಿನಂಥ ನಾರು, ಬೂಸ್ಟಿನ ಬೀಜಾಣು, ಅದರ ಮೇಲೆ ಟ್ರ್ಯಾಕ್ಟರ್ ಡೀಸೆಲ್ ಹೊಗೆ. ಅಲರ್ಜಿ ಇದ್ದವರಿಗೆ ಅಂದೇ ರಾತ್ರಿ ದಮ್ಮು ಏಳುತ್ತದೆ. ಮಳೆಗೆ ಸಿಕ್ಕು ಬೂಸ್ಟು ಹಿಡಿದ ಬೆಳೆ ಆದರೆ ಇನ್ನೂ ಕೆಟ್ಟದು. ಕೆಲವರಿಗೆ ನಾಲ್ಕಾರು ಗಂಟೆ ಬಿಟ್ಟು ಜ್ವರ, ಮೈಕೈ ನೋವು, ಒಣ ಕೆಮ್ಮು ಬರುತ್ತದೆ. "ಥಂಡಿ ಆಗಿದೆ" ಅಂತ ಎರಡು ಗುಳಿಗೆ ನುಂಗಿ ಮರುದಿನ ಮತ್ತೆ ಅದೇ ಕೆಲಸಕ್ಕೆ ಹೋಗುತ್ತಾರೆ. ಪ್ರತಿ ಸಲ ರಾಶಿಯ ದಿನವೇ ಹೀಗಾದರೆ ಅದು ಥಂಡಿಯಲ್ಲ, ಶ್ವಾಸಕೋಶ ಸಿಟ್ಟಿಗೆದ್ದಿದೆ.

ಮಷಿನ್ ಶುರು ಮಾಡುವ ಮುಂಚೆ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ, ಹೊಟ್ಟು ಆಚೆ ಹಾರುವ ಹಾಗೆ ಅದನ್ನು ತಿರುಗಿಸಿ ಇಡಿ. ಬಾಯಿಗೆ ಗಿಡ ಕೊಡುವ ಪಾಳಿ ಬದಲಾಯಿಸುತ್ತಾ ಇರಿ. ದಮ್ಮು ಇರುವವರಿಗೆ ಚೀಲ ಹೊಲಿಯುವ ಕೆಲಸ ಕೊಟ್ಟರೆ ಯಾರೂ ಏನೂ ಕಳೆದುಕೊಳ್ಳುವುದಿಲ್ಲ.

ಉಳಿದ ಹತ್ತಿ ಕಟ್ಟಿಗೆ, ಕಬ್ಬಿನ ರವದಿಗೆ (ಒಣ ಎಲೆಗೆ) ಬೆಂಕಿ ಇಡುವುದು ಇನ್ನೊಂದು ಕಥೆ. ರವದಿ ಅಲ್ಲೇ ಹರಡಿದರೆ ತೇವ ನಿಲ್ಲುತ್ತದೆ, ಮಣ್ಣಿಗೂ ಸೇರುತ್ತದೆ. ಕೂಲಿ ಇಲ್ಲ, ಟೈಮ್ ಇಲ್ಲ ಅನ್ನುವ ರೈತರ ಕಷ್ಟವೂ ಸುಳ್ಳಲ್ಲ. ಆದರೂ ಚಳಿಗಾಲದ ಸಂಜೆ ಬೆಂಕಿ ಇಟ್ಟರೆ ಆ ಹೊಗೆ ಮೇಲೆ ಏರದೆ ರಾತ್ರಿಯಿಡೀ ನಿಮ್ಮ ಊರ ಮೇಲೇ ಮಲಗುತ್ತದೆ.

ಕಟ್ಟಿಗೆ ಒಲೆಯ ಹೊಗೆ ತಲೆಮಾರಿನಿಂದ ಇದೆ. ನಮ್ಮ ಅಜ್ಜಿಗೆ ಏನೂ ಆಗಲಿಲ್ಲವಲ್ಲ?

ನಿಮ್ಮ ಅಜ್ಜಿಗೆ ಕೆಮ್ಮು ಇರಲಿಲ್ಲವೇ? ಒಮ್ಮೆ ಯೋಚಿಸಿ ನೋಡಿ. ನಮ್ಮ ಕಡೆ ಬೀಡಿ, ಸಿಗರೇಟು ಮುಟ್ಟದ ಹೆಂಗಸರಿಗೆ ಬರುವ ಹಳೆ ಕೆಮ್ಮು, ದಮ್ಮಿಗೆ ದೊಡ್ಡ ಕಾರಣ ಒಲೆ. ಇದಕ್ಕೆ ಡಾಕ್ಟರುಗಳು ಸಿಒಪಿಡಿ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 32 ಲಕ್ಷ ಜನ ಸತ್ತರು. ಕಟ್ಟಿಗೆ ಹೊಗೆ ಕಣ್ಣಿನ ಪೊರೆಗೂ ಕಾರಣ ಆಗುತ್ತದೆ, ಚಿಕ್ಕ ಮಕ್ಕಳಲ್ಲಿ ನ್ಯುಮೋನಿಯಾ ಹೆಚ್ಚಿಸುತ್ತದೆ.

ಉಜ್ವಲಾ ಯೋಜನೆ 2016ರಲ್ಲಿ ಬಂತು, ಸಿಲಿಂಡರ್ ಈಗ ಬಹಳ ಮನೆಗಳಲ್ಲಿದೆ. ಆದರೆ ನಮ್ಮ ಮನೆಗಳಲ್ಲಿ ನಡೆಯುವುದು ಏನು ಅಂದರೆ ಚಹಾ ಗ್ಯಾಸ್ ಮೇಲೆ, ಜೋಳದ ರೊಟ್ಟಿ ಒಲೆ ಮೇಲೆ, ಸ್ನಾನದ ನೀರು ಒಲೆ ಮೇಲೆ. ರೊಟ್ಟಿಗೆ ದೊಡ್ಡ ಉರಿ ಬೇಕು, ತೊಗರಿ ಕಟ್ಟಿಗೆ ಹೊಲದಿಂದ ಪುಕ್ಕಟೆ ಬರುತ್ತದೆ, ಸಿಲಿಂಡರ್‌ಗೆ ದುಡ್ಡು ಬೇಕು. ಇದನ್ನು ಅಜ್ಞಾನ ಅನ್ನುವವರು ಒಮ್ಮೆ ನಲವತ್ತು ರೊಟ್ಟಿ ಗ್ಯಾಸ್ ಮೇಲೆ ಬಡಿದು ನೋಡಲಿ. ಒಲೆ ಬಿಡಲು ಆಗದಿದ್ದರೆ ಅದನ್ನು ಒಳಗಿನಿಂದ ಹೊರಗೆ, ಪಡಸಾಲೆಯ ಆಚೆ ಹಾಕಿ. ಆಗದಿದ್ದರೆ ಕೊಳವೆ ಇರುವ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಹಳೆಯದಾದರೂ ಒಳ್ಳೆಯ ವಿನ್ಯಾಸ. ಕಟ್ಟಿಗೆ ಚೆನ್ನಾಗಿ ಒಣಗಿರಲಿ. ಬೆಂಕಿ ಹತ್ತಿಸಲು ಪ್ಲಾಸ್ಟಿಕ್ ಚೀಲ, ಹಳೆ ಚಪ್ಪಲಿ ಹಾಕುವುದನ್ನು ಮಾತ್ರ ಇವತ್ತೇ ಬಿಡಿ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಒಲೆ ಮುಂದೆ ಕೂರಬೇಡಿ. ಮತ್ತೆ, ರೊಟ್ಟಿ ಬಡಿಯುವ ಕೆಲಸ ಒಬ್ಬರದೇ ಯಾಕೆ ಆಗಬೇಕು ಅನ್ನುವುದು ಆರೋಗ್ಯದ ಪ್ರಶ್ನೆಯೂ ಹೌದು.

ಚಳಿಗಾಲದಲ್ಲಿ, ಬೀದರ್ ಚಳಿ ಗೊತ್ತಲ್ಲ, ಕೆಂಡದ ಬುಟ್ಟಿ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗುವವರಿದ್ದಾರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಮತ್ತೆ ಏಳುವುದಿಲ್ಲ. ಸೊಳ್ಳೆ ಕಾಯಿಲ್ ಕೂಡ ಹಾಗೇ ಮುಚ್ಚಿದ ಕೋಣೆಗೆ ಬೇಡ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತದೆ ಅಂತ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿದೆ. ಸೊಳ್ಳೆ ಪರದೆ ಕಟ್ಟಿ.

ಶ್ವಾಸಕೋಶಕ್ಕೆ ಸರಿ, ಹೃದಯಕ್ಕೂ ಹೊಗೆಗೂ ಏನು ಸಂಬಂಧ?

ಬಹಳ ಇದೆ. ಸಣ್ಣ ಕಣ ಒಳಗೆ ಹೋದಾಗ ದೇಹ ಅದನ್ನು ಶತ್ರು ಅಂತ ನೋಡಿ ಉರಿಯೂತ ಎಬ್ಬಿಸುತ್ತದೆ. ಅದು ಶ್ವಾಸಕೋಶದಲ್ಲೇ ನಿಲ್ಲದೆ ರಕ್ತನಾಳದ ಗೋಡೆಗೂ ಹಬ್ಬುತ್ತದೆ. ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿ ಆಗುತ್ತದೆ, ಬಿಪಿ ಏರುತ್ತದೆ. ಗಾಳಿ ಕೆಟ್ಟ ದಿನಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚುವುದು ಇದಕ್ಕೇ. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲೇ ಹೇಳಿದೆ, ಡೀಸೆಲ್ ಹೊಗೆಯ ಬಗ್ಗೆ ಅದಕ್ಕೂ ಒಂದು ವರ್ಷ ಮುಂಚೆ. ಭಾರತದಲ್ಲಿ 2019ರಲ್ಲಿ ಒಳಗಿನ, ಹೊರಗಿನ ಗಾಳಿ ಸೇರಿ ಸುಮಾರು 16.7 ಲಕ್ಷ ಸಾವಿಗೆ ಕಾರಣ ಅಂತ ಲೆಕ್ಕ ಹಾಕಿದ್ದಾರೆ. ಯಾರ ಮರಣ ಪತ್ರದಲ್ಲೂ "ಗಾಳಿ" ಅಂತ ಬರೆಯುವುದಿಲ್ಲ, ಹಾಗಾಗಿ ನಂಬುವುದು ಕಷ್ಟ.

ಗರ್ಭಿಣಿ, ಮಕ್ಕಳು?

ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ, ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಗರ್ಭಿಣಿಯರಲ್ಲಿ ಮಗುವಿನ ತೂಕ ಕಡಿಮೆ ಆಗುವುದು, ದಿನ ತುಂಬುವ ಮುಂಚೆ ಹೆರಿಗೆ ಆಗುವುದು ಹೆಚ್ಚುತ್ತದೆ. ಒಲೆ, ಕಾಯಿಲ್, ಮನೆಯೊಳಗೆ ಬೀಡಿ, ಈ ಮೂರನ್ನು ದೂರ ಇಟ್ಟರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆಯಿತು.

ಮುಖಕ್ಕೆ ಟವೆಲ್ ಕಟ್ಟಿದರೆ ಸಾಕಾಗುವುದಿಲ್ಲವಾ?

ಕಣ್ಣಿಗೆ ಕಾಣುವ ಧೂಳನ್ನು ಸ್ವಲ್ಪ ತಡೆಯುತ್ತದೆ. ಹೊಗೆಯನ್ನು ತಡೆಯುವುದಿಲ್ಲ, ಬಟ್ಟೆಯ ರಂಧ್ರ ಆ ಕಣಕ್ಕೆ ಊರ ಅಗಸೆ ಬಾಗಿಲಿದ್ದ ಹಾಗೆ. ಎನ್95 ಮಾಸ್ಕ್ 0.3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ 95 ಶೇಕಡಾ ಹಿಡಿಯುತ್ತದೆ, ಆದರೆ ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ಗಡ್ಡ ಇದ್ದರೆ ಬದಿಯಿಂದ ಗಾಳಿ ನುಗ್ಗುತ್ತದೆ. ಆಸ್ಪತ್ರೆಯ ನೀಲಿ ಮಾಸ್ಕ್ ಇದಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ 43 ಡಿಗ್ರಿಯಲ್ಲಿ ಎನ್95 ಹಾಕಿಕೊಂಡು ಕಲ್ಲು ಹೊರು ಅನ್ನುವುದು ಹೇಳುವವರಿಗೆ ಸುಲಭ, ಅದಕ್ಕೇ ಧೂಳು ಏಳದ ಹಾಗೆ ನೀರು ಹೊಡೆಯುವುದು ಮೊದಲು, ಮಾಸ್ಕ್ ಆಮೇಲೆ.

ಇನ್‌ಹೇಲರ್ ಶುರು ಮಾಡಿದರೆ ಚಟ ಆಗುತ್ತದಂತೆ?

ಆಗುವುದಿಲ್ಲ. ಈ ಒಂದು ತಪ್ಪು ನಂಬಿಕೆಯಿಂದ ಎಷ್ಟು ಜನ ನರಳುತ್ತಾರೋ. ಉಸಿರುನಾಳ ತೆರೆಯುವ ಸಾಲ್ಬುಟಮಾಲ್ ಪಂಪಿನ (ಇನ್‌ಹೇಲರ್‌ನ) ಒಂದು ಒತ್ತಿಗೆ ಸಾಮಾನ್ಯವಾಗಿ 100 ಮೈಕ್ರೋಗ್ರಾಂ ಔಷಧ ಬರುತ್ತದೆ, ಅದೇ ಔಷಧದ ಗುಳಿಗೆ 2 ಅಥವಾ 4 ಮಿಲಿಗ್ರಾಂ. ಅಂದರೆ 20ರಿಂದ 40 ಪಟ್ಟು. ಪಂಪಿನ ಔಷಧ ಬೇಕಾದಲ್ಲಿಗೇ ನೇರ ಹೋಗುತ್ತದೆ, ಗುಳಿಗೆ ಮೈಯೆಲ್ಲ ಸುತ್ತಿ ಎದೆ ಡವಡವ ಅನ್ನಿಸುತ್ತದೆ. ದಿನಾ ತೆಗೆದುಕೊಳ್ಳಬೇಕಾದ ಪಂಪು ಬೇರೆ, ಉಸಿರು ಕಟ್ಟಿದಾಗ ಮಾತ್ರ ಹಿಡಿಯುವ ಪಂಪು ಬೇರೆ, ಯಾವುದು ಯಾವಾಗ ಅಂತ ಡಾಕ್ಟರ್ ಹತ್ತಿರ ಬಿಡಿಸಿ ಕೇಳಿಕೊಳ್ಳಿ. ಕೆಮ್ಮು ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಕಫ ಪರೀಕ್ಷೆ, ಉಸಿರು ಊದಿಸಿ ನೋಡುವ ಸ್ಪೈರೋಮೆಟ್ರಿ ಬಗ್ಗೆ ಕೇಳಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಮಾತಾಡಲು ಆಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಬೆಳಗ್ಗೆ ವಾಕಿಂಗ್ ಒಳ್ಳೆಯದಲ್ಲವಾ?

ವಾಕಿಂಗ್ ಒಳ್ಳೆಯದೇ. ಚಳಿಗಾಲದ ನಸುಕು ಮಾತ್ರ ಸರಿಯಿಲ್ಲ. ನವೆಂಬರ್‌ನಿಂದ ಜನವರಿ ತನಕ ರಾತ್ರಿ ನೆಲ ಬೇಗ ತಣ್ಣಗಾಗಿ ಮೇಲಿನ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿಬಿಡುತ್ತದೆ, ಹೊಗೆಯೆಲ್ಲ ಕೆಳಗೇ. ಬಿಸಿಲು ಬಂದ ಮೇಲೆ ಹೋಗಿ. ಅಪ್ಪನ ಕೆರೆ ದಂಡೆ, ಬಡಾವಣೆಯ ಒಳರಸ್ತೆ ಆಗಬಹುದು. ರಿಂಗ್ ರೋಡಿನ ಬದಿಯಲ್ಲಿ ಓಡುವುದು ದುಡ್ಡು ಕೊಡದೆ ಸಿಗರೇಟು ಸೇದಿದ ಹಾಗೆ. ಬೇಸಿಗೆಯಲ್ಲಿ ಉಲ್ಟಾ, ಬೆಳಗ್ಗೆಯೇ ಮುಗಿಸಿ.

ಏರ್ ಪ್ಯೂರಿಫೈಯರ್, ಮನೆಯೊಳಗಿನ ಗಿಡ?

ಹೆಪಾ ಫಿಲ್ಟರ್ ಇರುವ ಯಂತ್ರ ಕಣ ಹಿಡಿಯುತ್ತದೆ, ಕೋಣೆ ಮುಚ್ಚಿರಬೇಕು, ಫಿಲ್ಟರ್ ಬದಲಾಯಿಸುತ್ತಿರಬೇಕು. ಗಿಡ ನೋಡಲು ಚೆಂದ. ನಾಲ್ಕು ಕುಂಡದಿಂದ ಗಾಳಿ ಶುದ್ಧ ಆಗುವುದಿಲ್ಲ.

ನಾವು ಬೀದರ್, ಯಾದಗಿರಿಯವರು. ನಮಗೆ ಧೂಳಿಗಿಂತ ವಾಸನೆಯೇ ತೊಂದರೆ.

ಬೀದರ್ ಪಕ್ಕದ ಕೊಳಾರ, ಯಾದಗಿರಿ ಜಿಲ್ಲೆಯ ಕಡೇಚೂರು, ಎರಡೂ ಕೈಗಾರಿಕಾ ಪ್ರದೇಶಗಳಲ್ಲಿ ರಾಸಾಯನಿಕ, ಔಷಧ ತಯಾರಿಕೆಯ ಘಟಕಗಳಿವೆ. ಅಂಥ ಘಟಕಗಳಲ್ಲಿ ಬಳಸುವ ದ್ರಾವಕಗಳ ಆವಿಯಿಂದ ತಲೆನೋವು, ಕಣ್ಣುರಿ, ವಾಂತಿ ಬಂದ ಹಾಗೆ ಆಗುವುದು ಆಗಬಹುದು. ಇಲ್ಲಿ ಒಂದು ಕಿತಾಪತಿ ಇದೆ. ಮೇಲೆ ಹೇಳಿದ ಸೂಚ್ಯಂಕದ ಎಂಟು ವಸ್ತುಗಳಲ್ಲಿ ಈ ಆವಿಗಳು ಇಲ್ಲವೇ ಇಲ್ಲ. ಊರೆಲ್ಲ ಮೂಗು ಮುಚ್ಚಿಕೊಂಡಿದ್ದರೂ ಆ್ಯಪ್ "ಉತ್ತಮ" ಅನ್ನಬಹುದು. ಅದಕ್ಕೇ ದಿನಾಂಕ, ಹೊತ್ತು, ಗಾಳಿ ಯಾವ ಕಡೆಯಿಂದ, ಎಂಥ ವಾಸನೆ, ಯಾರಿಗೆ ಏನಾಯಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ದೂರು ಕೊಡುವಾಗ "ಯಾವಾಗಲೂ ವಾಸನೆ ಬರುತ್ತದೆ" ಅನ್ನುವುದಕ್ಕಿಂತ ಇದು ಗಟ್ಟಿ.

ದೂರು ಎಲ್ಲಿ ಕೊಡಬೇಕು? ಕೊಟ್ಟರೆ ಏನಾದರೂ ಆಗುತ್ತದಾ?

ಕಾರ್ಖಾನೆ, ಕ್ರಷರ್ ಬಗ್ಗೆ ಆದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಭಾಗದ ಕಚೇರಿಗೆ. 1981ರ ವಾಯು ಕಾಯ್ದೆಯ ಪ್ರಕಾರ ಇಂಥ ಘಟಕಗಳು ಮಂಡಳಿಯ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆ ಪತ್ರದಲ್ಲಿ ನೀರು ಹೊಡೆಯಬೇಕು, ಲಾರಿಗೆ ತಾಡಪತ್ರಿ ಹಾಕಬೇಕು ಅಂತ ಷರತ್ತುಗಳಿರುತ್ತವೆ. ಮಾಹಿತಿ ಹಕ್ಕಿನಲ್ಲಿ ಅದರ ಪ್ರತಿ ತೆಗೆದುಕೊಳ್ಳಿ, ಯಾವ ಷರತ್ತು ಮುರಿದಿದ್ದಾರೆ ಅಂತ ಫೋಟೊ ಸಮೇತ ಬರೆಯಿರಿ. ಸಿಮೆಂಟ್, ಸಕ್ಕರೆ, ಔಷಧದಂಥ ದೊಡ್ಡ ಉದ್ಯಮಗಳು ತಮ್ಮ ಮಾಲಿನ್ಯವನ್ನು ಆನ್‌ಲೈನ್‌ನಲ್ಲಿ ನಿರಂತರ ಅಳೆದು ಮಂಡಳಿಗೆ ಕಳಿಸಬೇಕು, ಆ ಅಂಕಿಯನ್ನೂ ಕೇಳಿ. ಊರೆಲ್ಲ ಸೇರಿ ಗ್ರಾಮ ಪಂಚಾಯತಿ ಠರಾವಿನ ಜೊತೆ ಕೊಟ್ಟರೆ ತೂಕ ಜಾಸ್ತಿ. ಒಂದೇ ಅರ್ಜಿಗೆ ಕೆಲಸ ಆಗುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ಕಾಗದದ ಮೇಲೆ ಇಲ್ಲದ ದೂರಿಗೆ ಕಚೇರಿಯಲ್ಲಿ ಉತ್ತರ ಕೊಡುವವರೂ ಇರುವುದಿಲ್ಲ.

ಓಣಿಯಲ್ಲಿ ದಿನಾ ಕಸಕ್ಕೆ ಬೆಂಕಿ ಹಚ್ಚುತ್ತಾರೆ, ಅದಕ್ಕೂ ಕಾನೂನು ಇದೆಯಾ?

ಇದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದೆ. ದೂರು ಪಾಲಿಕೆಗೆ, ಸಣ್ಣ ಊರಾದರೆ ಪುರಸಭೆಗೆ. ಎಷ್ಟೋ ಕಡೆ ಬೆಂಕಿ ಹಚ್ಚುವವರು ಕಸ ಗುಡಿಸುವವರೇ, ಯಾಕಂದ್ರೆ ಗಾಡಿ ಬಂದಿರುವುದಿಲ್ಲ. ಅವರ ಮೇಲೆ ಕೂಗಾಡುವ ಬದಲು ಗಾಡಿ ಯಾಕೆ ಬರಲಿಲ್ಲ ಅಂತ ಮೇಲಿನವರನ್ನು ಕೇಳಿ. ಅಲ್ಲಿಯ ತನಕ ಪ್ಲಾಸ್ಟಿಕ್ಕನ್ನಾದರೂ ಬೇರೆ ಚೀಲದಲ್ಲಿ ಕಟ್ಟಿಡಿ, ಗುಜರಿಯವರು ಒಯ್ಯುತ್ತಾರೆ.